ಕೇರಾಫ್ ಹಾಕಿದ ಮನೆ

ಅಂದು ನಾನು ಕಾಫಿ ಬೀಜ ಹುರಿಯುತ್ತಿದ್ದೆ. ಸಂಕ್ರಾಂತಿ ಕಳೆದು ನಾಲ್ಕೈದು ದಿನವಾಗಿತ್ತು. ಬೀಜ ಚಟಚಟ ಅನ್ನಲು ಶುರುವಾದ ಮೇಲೆ ಒಲೆ ಬಿಟ್ಟು ಏಳುವ ಹಾಗಿಲ್ಲ. ಒಂದು ನಿಮಿಷ ಕೈ ನಿಂತರೆ ತಳದ್ದು ಕರಿ, ಮೇಲಿನದು ಹಸಿ. ನಮಗೆ ಎಸ್ಟೇಟಿನಿಂದ ಬರುತ್ತಿದ್ದದ್ದು ಮಾರಾಟಕ್ಕೆ ಹೋಗದ ಒಡಕು ಬೀಜ. ಒಂದೊಂದು ಒಂದೊಂದು ಗಾತ್ರ. ಅದನ್ನು ಹದವಾಗಿ ಹುರಿಯಲು ಇನ್ನೂ ಹೆಚ್ಚು ಗಮನ ಬೇಕು.

ಹಿತ್ತಲ ಬಾಗಿಲಲ್ಲಿ ಕಾಕ ಬಂದು ನಿಂತರು. ಕಾಕ ಅಂದರೆ ಎಸ್ಟೇಟಿನ ಜೀಪು ಓಡಿಸುತ್ತಿದ್ದವರು, ಕಳಸದ ಪೇಟೆಯ ಮುಸಲ್ಮಾನರು, ವಯಸ್ಸಿನಲ್ಲಿ ನನ್ನ ಅಣ್ಣನಷ್ಟು. ಊರೆಲ್ಲ ಅವರನ್ನು ಹಾಗೇ ಕರೆಯುತ್ತಿತ್ತು. ಹನ್ನೊಂದು ವರ್ಷದಿಂದ ನಮ್ಮ ಮನೆಗೆ ಬಂದು ಹೋಗುತ್ತಿದ್ದವರು, ಒಂದು ದಿನವೂ ಬರಿಗೈಯಲ್ಲಿ ಬಂದವರಲ್ಲ. ಅಕ್ಕಿಯೋ ಕಾಯಿಯೋ ಇಳಿಸಿಯೇ ಮಾತು.

"ಎಂತ ಕಾಕ, ಇವತ್ತು ಬರಿಗೈ?" ಅಂದೆ.

"ರಾಯ್ರು ಇದ್ದಾರಾ ಅಮ್ಮ?"

"ಸೊಸೈಟಿಗೆ ಹೋಗಿದ್ದಾರೆ. ಎಂತ ವಿಷಯ?"

"ಅವ್ರು ಬಂದ ಮೇಲೆ ಹೇಳ್ತೇನೆ."

"ಹೇಳಿ ಮಾರಾಯ್ರೇ, ನಾನು ಏಳೋ ಹಾಗಿಲ್ಲ, ಬೀಜ ಸೀಯ್ತದೆ."

"ಮನೆ ಬಿಡ್ಬೇಕಂತೆ. ಯುಗಾದಿ ಒಳಗೆ."

"ಯಾರಂದದ್ದು?"

"ಸಣ್ಣ ಸಾಹುಕಾರ್ರು."

"ಅವನಾ?"

ಕಾಕ ನೆಲ ನೋಡಿದರು. "ಅವ್ರು, ಅಮ್ಮ" ಅಂದರು.

ಕಾಕ ಹೇಳಿದ್ದು ಸರಿಯೇ. ಹಿಂದಿನ ಮಳೆಗಾಲದಲ್ಲಿ ದೊಡ್ಡ ಸಾಹುಕಾರರು ತೀರಿಹೋಗಿದ್ದರು. ಮಗ ಕಾಲೇಜು ಮುಗಿಸಿ ಬಂದು ಎಸ್ಟೇಟು ನೋಡಿಕೊಳ್ಳುತ್ತಿದ್ದ. ಅವನು 'ಅವರು' ಆಗಿದ್ದ. ನನಗೆ ಮಾತ್ರ ಇನ್ನೂ ಅಭ್ಯಾಸವಾಗಿರಲಿಲ್ಲ. ಅವನ ಅಂಗಿಯ ಗುಂಡಿ ಹೊಲಿದದ್ದು, ತಲೆಗೆ ಎಣ್ಣೆ ತಿಕ್ಕಿದ್ದು, ಜ್ವರ ಬಂದಾಗ ಗಂಜಿ ಆರಿಸಿ ಕುಡಿಸಿದ್ದು ಈ ಕೈ. ಆ ಕೈ ಅಷ್ಟು ಹೊತ್ತೂ ಸೌಟು ಆಡಿಸುತ್ತಲೇ ಇತ್ತು, ಆದರೂ ಬೀಜ ಸೀದುಹೋಯಿತು. ಆ ಸೀದ ಪುಡಿಯನ್ನೇ ಎರಡು ವಾರ ಕುಡಿದೆವು. ಚೆಲ್ಲಲು ಮನಸ್ಸು ಬರಲಿಲ್ಲ. ಅಷ್ಟಾದರೂ ಮನೆಯಲ್ಲಿ ಇತ್ತಲ್ಲ ಅಂದುಕೊಂಡೆ.

ನಾವು ಆ ಮನೆಗೆ ಬಂದ ಬಗೆಯನ್ನು ಹೇಳಬೇಕು.

ನಮ್ಮ ಮನೆಯವರು ಕಳಸದಲ್ಲಿ ಒಂದು ಸೊಸೈಟಿಯ ಗುಮಾಸ್ತರು. ಮದುವೆಯಾದ ಹೊಸದರಲ್ಲಿ ಒಂದು ಅಂಗಡಿಯ ಹಿಂದಿನ ಕೋಣೆಯಲ್ಲಿದ್ದೆವು. ಮಗಳಿಗೆ ನಾಲ್ಕು ವರ್ಷವಾದಾಗ ಹೊರನಾಡಿನ ಕಡೆಯ ಎಸ್ಟೇಟಿನ ಸಾಹುಕಾರರು ಬಂದರು. ಅವರು ಇವರಿಗೆ ಅಜ್ಜಿಯ ತವರಿನ ಕಡೆಯಿಂದ ದೂರದ ನೆಂಟರು. ಇವರು ಅವರನ್ನು ಅಣ್ಣಯ್ಯ ಅನ್ನುತ್ತಿದ್ದರು, ನಾನು ಭಾವ ಅನ್ನುತ್ತಿದ್ದೆ. ಎಸ್ಟೇಟಿನಿಂದ ಶಾಲೆ ದೂರ. ಆ ಕಾಲದಲ್ಲಿ ಒಳಗಿನ ಎಸ್ಟೇಟಿನವರು ಮಕ್ಕಳ ಓದಿಗೆಂದು ಪೇಟೆಯಲ್ಲೊಂದು ಮನೆ ಮಾಡಿ, ಅದರಲ್ಲಿ ಒಂದು ಬಡ ನೆಂಟರ ಸಂಸಾರವನ್ನು ಇಡುತ್ತಿದ್ದರು. ಮಕ್ಕಳು ಸೋಮವಾರ ಬೆಳಿಗ್ಗೆ ಜೀಪಿನಲ್ಲಿ ಬಂದು ಶನಿವಾರ ಮಧ್ಯಾಹ್ನ ಹೋಗುವುದು. ನೆಂಟರು ಅಡಿಗೆ ಮಾಡಿ ಹಾಕುವುದು. ಅಂಥ ಮನೆ ಕಳಸದಲ್ಲಿ ನಮ್ಮದೊಂದೇ ಇರಲಿಲ್ಲ.

ಭಾವನ ಮಗನಿಗೆ ಆಗ ಹತ್ತು ವರ್ಷ, ಮಗಳಿಗೆ ಏಳು.

"ನಮ್ಮ ಮಕ್ಕಳಿಗೆ ಎರಡು ಹೊತ್ತು ಊಟ ಹಾಕಿ, ಸಾಕು" ಅಂದಿದ್ದರು ಭಾವ. "ಬಾಡಿಗೆ ಗೀಡಿಗೆ ಮಾತೆತ್ತಬೇಡಿ. ನಿಮ್ಮದೇ ಮನೆ ಅಂದ್ಕೊಂಡು ಇರಿ."

ನಾನು ಅಂದೇ ಕಳಸೇಶ್ವರನಿಗೆ ಹಣ್ಣುಕಾಯಿ ಮಾಡಿಸಿದೆ. ನಾಲ್ಕು ಕೋಣೆ, ಹಂಚಿನ ಮಾಡು, ಹಿತ್ತಲಲ್ಲೇ ಬಾವಿ. ಅಂಗಡಿಯ ಹಿಂದೆ ಇದ್ದಾಗ ನೀರಿಗೆ ಬೀದಿ ದಾಟಬೇಕಿತ್ತು. ಬಾವಿಗೆ ಕೊಡ ಇಳಿಸಿದಾಗಲೆಲ್ಲ ದೇವರನ್ನು ನೆನೆಯುತ್ತಿದ್ದೆ.

ಎರಡು ಹೊತ್ತು ಊಟ ಅನ್ನುವುದು ಬಾಯಿಮಾತು. ಬೆಳಿಗ್ಗೆ ತಿಂಡಿ, ಶಾಲೆಗೆ ಡಬ್ಬಿ, ಸಂಜೆ ಬಂದ ಕೂಡಲೆ ಏನಾದರೂ, ರಾತ್ರಿ ಊಟ. ಆರು ದಿನದ ಬಟ್ಟೆ. ಶುಕ್ರವಾರ ಹುಡುಗಿಗೆ ತಲೆಸ್ನಾನ, ಹೇನು ತೆಗೆಯುವುದು. ಹುಡುಗನಿಗೆ ಬದನೆಕಾಯಿ ಆಗದು, ಹುಡುಗಿಗೆ ಕೆನೆ ಬಿದ್ದ ಹಾಲು ಆಗದು. ಎಸ್ಟೇಟಿನಿಂದ ಒಂದು ಹಲಸಿನಹಣ್ಣು ಬಂದರೆ ಬಿಡಿಸುವವಳು ನಾನು, ನೆರೆಹೊರೆಗೆ ಹಂಚುವಾಗ ಭಾವನ ಮನೆಯದ್ದು ಅಂತ ಹೇಳುವವಳೂ ನಾನು. ಒಂಬತ್ತು ವರ್ಷ. ಹುಡುಗಿಯ ಎಸ್ಸೆಸ್ಸೆಲ್ಸಿ ಮುಗಿಯುವವರೆಗೆ. ಇದನ್ನು ಯಾರೂ ಕೆಲಸ ಅನ್ನಲಿಲ್ಲ, ನಾನೂ ಅನ್ನಲಿಲ್ಲ. ಚಿಕ್ಕಮ್ಮ ಅಂತ ಕರೆಯುತ್ತಿದ್ದರು. ಚಿಕ್ಕಮ್ಮ ಆದವಳು ಮಾಡುವುದು ಕೆಲಸವಾ?

ಇವರದ್ದು ಬೇರೆಯೇ ಬಗೆಯ ಕೃತಜ್ಞತೆ. ಇವರ ಕೈಬರಹ ಮುತ್ತಿನಂಥದ್ದು. ಊರಿನ ಅರ್ಧ ಜನರ ಅರ್ಜಿ ಇವರೇ ಬರೆಯುತ್ತಿದ್ದರು. ಮನೆಗೆ ಬಂದ ತಿಂಗಳೇ ರೇಷನ್ ಕಾರ್ಡಿಗೆ ಅರ್ಜಿ ಬರೆದರು. ತಮ್ಮ ಹೆಸರು ಬರೆದು, ಕೆಳಗೆ 'ಕೇರಾಫ್' ಹಾಕಿ ಭಾವನ ಪೂರ್ತಿ ಹೆಸರು, ಪ್ಲಾಂಟರ್ ಅಂತ ಬರೆದರು.

"ಅದ್ಯಾಕೆ? ಇರೋದು ನಾವಲ್ವಾ?" ಅಂದೆ.

"ಅಣ್ಣಯ್ಯನ ಹೆಸರು ಬಿಟ್ಟು ಈ ಮನೆ ವಿಳಾಸ ಬರೆದ್ರೆ ದೇವರು ಮೆಚ್ಚಲ್ಲ ಕಣೇ" ಅಂದರು.

ದೇವರ ಹೆಸರು ಹೇಳಿದ ಮೇಲೆ ನಾನು ಮಾತಾಡಲಿಲ್ಲ. ಆಮೇಲೆ ಎಲ್ಲ ಕಾಗದಕ್ಕೂ ಅದೇ ರೂಢಿಯಾಯಿತು. ಮಗಳನ್ನು ಶಾಲೆಗೆ ಸೇರಿಸಿದಾಗ ಕೇರಾಫ್. ನನ್ನ ತವರಿನಿಂದ ಬರುವ ಕಾಗದಕ್ಕೂ ಹಾಗೇ ಬರೆಯಲು ಹೇಳಿದರು, ಕೇರಾಫ್. ಸೊಸೈಟಿಯ ಪುಸ್ತಕದಲ್ಲಿ, ಆಸ್ಪತ್ರೆಯ ಚೀಟಿಯಲ್ಲಿ, ಮದುವೆ ಆಮಂತ್ರಣ ಬರುವ ಲಕೋಟೆಯ ಮೇಲೆ ಕೂಡ. ಸುಳ್ಳು ಯಾಕೆ ಹೇಳಲಿ, ಅದರಿಂದ ನಮಗೆ ಮರ್ಯಾದೆ ಸಿಗುತ್ತಿತ್ತು. ರೇಷನ್ ಅಂಗಡಿಯವನು ಕಾರ್ಡು ತೆರೆದು ಭಾವನ ಹೆಸರು ನೋಡಿ, "ಓ, ಅವರ ಪೈಕಿಯಾ" ಅಂತ ಸಕ್ಕರೆ ಅಳೆಯುವಾಗ ಕೈ ಸಡಿಲ ಬಿಡುತ್ತಿದ್ದ. ಸೀಮೆಎಣ್ಣೆಗೆ ಸಾಲಿನಲ್ಲಿ ನಿಂತರೆ ಮುಂದೆ ಕರೆಯುತ್ತಿದ್ದ. ನಾನು ಸಂತೋಷದಿಂದಲೇ ಮುಂದೆ ಹೋಗುತ್ತಿದ್ದೆ. ಆ ಎರಡು ಚಮಚ ಸಕ್ಕರೆಯ ಬೆಲೆ ಎಷ್ಟು ಅಂತ ಆಮೇಲೆ ಗೊತ್ತಾಯಿತು.

ಅಡಿಗೆಮನೆಯ ನೆಲ ಮಣ್ಣಿನದು, ಮಳೆಗಾಲದಲ್ಲಿ ಒರತೆ ಬರುತ್ತಿತ್ತು. ನಮ್ಮ ಕೈಯಿಂದಲೇ ಸಿಮೆಂಟು ಹಾಕಿಸಿ ಕೆಂಪು ಬಣ್ಣ ಬಳಿಸಿದೆವು. ಕೇಳಲು ಹೋದಾಗ ಭಾವ, "ಮಾಡಿಸ್ಕೊ ಮಾರಾಯ, ನಿಮ್ಮದೇ ಮನೆ ಅಲ್ವಾ" ಅಂದರು. ಗಾರೆಯವನಿಗೆ ಚೀಟಿ ಬರೆದುಕೊಟ್ಟದ್ದೂ ಇವರೇ. ಅದರ ಮೇಲೂ ಭಾವನ ಹೆಸರು.

ನಡುವೆ ಒಮ್ಮೆ ಜನಗಣತಿಯವರು ಬಂದರು. ಶಾಲೆಯ ಮೇಷ್ಟ್ರೊಬ್ಬರು, ದೊಡ್ಡ ಹಾಳೆ ಹಿಡಿದು ಜಗಲಿಯಲ್ಲಿ ಕೂತು ಒಂದೊಂದೇ ಕೇಳಿದರು.

"ಮನೆ ಸ್ವಂತವಾ ಬಾಡಿಗೆಯಾ?"

"ಎರಡೂ ಅಲ್ಲ" ಅಂದೆ.

"ಎರಡೂ ಅಲ್ಲ ಅಂದ್ರೆ ಹ್ಯಾಗಮ್ಮ? ಇಲ್ಲಿ ಇರೋದೇ ಎರಡು."

"ನೆಂಟರ ಮನೆ. ನಮ್ಮದೇ ಅಂದ್ಕೊಂಡು ಇರಿ ಅಂದಿದ್ದಾರೆ."

ಮೇಷ್ಟ್ರು ನಕ್ಕರು. "ಅಂದ್ಕೊಂಡು ಇರೋರಿಗೆ ಕಾಲಂ ಇಲ್ಲಮ್ಮ" ಅಂತ ಏನೋ ಒಂದು ಗುರುತು ಹಾಕಿಕೊಂಡು, ಕಾಫಿ ಕುಡಿದು ಹೋದರು. ನಾನೂ ನಕ್ಕೆ. ಸಂಜೆ ಇವರಿಗೆ ಹೇಳಿ ಇಬ್ಬರೂ ನಕ್ಕೆವು. ಮೇಷ್ಟ್ರು ಆ ದಿನ ಏನು ಗುರುತು ಹಾಕಿದರೋ ಇವತ್ತಿಗೂ ನನಗೆ ಗೊತ್ತಿಲ್ಲ.

ಕಾಕ ಸುದ್ದಿ ತಂದ ಸಂಜೆ ಇವರಿಗೆ ಹೇಳಿದೆ. ಇವರು ನಂಬಲಿಲ್ಲ. "ಹುಡುಗ ಏನೋ ಅಂದಿರ್ತಾನೆ. ಅತ್ತಿಗೆ ಇದ್ದಾರಲ್ಲ, ಅವರು ಹಾಗೆ ಮಾಡಲ್ಲ" ಅಂದರು. ಆದರೆ ಹೋಗಿ ಕೇಳಲು ಇವರಿಗೆ ನಾಚಿಕೆ. ಎರಡು ದಿನ ಕಾದು ನಾನೇ ಹೊರಟೆ. ಮೊದಲು ಹೊರನಾಡಿಗೆ ಹೋಗಿ ಅನ್ನಪೂರ್ಣೆಗೆ ಅಡ್ಡಬಿದ್ದು, ಅಲ್ಲೇ ಊಟ ಮಾಡಿ, ಹಿಂದಿರುಗುವ ಬಸ್ಸಿನಲ್ಲಿ ಎಸ್ಟೇಟಿನ ತಿರುವಿನಲ್ಲಿ ಇಳಿದು ನಡೆದೆ. ಹಸಿದ ಹೊಟ್ಟೆಯಲ್ಲಿ ಹೋಗಿದ್ದರೆ ಆ ಮನೆಯಲ್ಲಿ ಉಣ್ಣಬೇಕಾಗುತ್ತಿತ್ತು. ಅದೊಂದನ್ನು ತಾಯಿ ತಪ್ಪಿಸಿದಳು.

ಕೊಯ್ಲಿನ ಕಾಲ. ಕಣದ ತುಂಬ ಕಾಫಿ ಹಣ್ಣು ಒಣಹಾಕಿದ್ದರು. ಎಸ್ಟೇಟಿನ ಅಕ್ಕ, ಅಂದರೆ ಭಾವನ ಹೆಂಡತಿ, ಜಗಲಿಯಲ್ಲಿ ಕುರ್ಚಿ ಹಾಕಿಕೊಂಡು ಆಳುಗಳು ಹಣ್ಣು ಹರಗುವುದನ್ನು ನೋಡುತ್ತಿದ್ದರು.

"ಬಾ ಬಾ, ಬಿಸಿಲಲ್ಲಿ ಬಂದ್ಯಾ? ಕಾಫಿ ಕುಡಿ" ಅಂದರು. ಮುಖದಲ್ಲಿ ಏನೂ ವ್ಯತ್ಯಾಸ ಕಾಣಲಿಲ್ಲ.

"ಅಕ್ಕ, ಕಾಕ ಹೇಳಿದ್ದು ನಿಜವಾ?"

"ನಾನೆಂತ ಮಾಡೂದು ಹೇಳು. ಈಗ ಎಲ್ಲ ಮಗನ ಕಾರುಬಾರು. ಕುದುರೆಮುಖದ ಕಡೆ ಕೆಲಸ ಮಾಡೋ ಕಂಟ್ರಾಕ್ಟರೊಬ್ಬ ಮನೆ ಕೇಳ್ತಿದ್ದಾನಂತೆ. ಒಳ್ಳೆ ಬಾಡಿಗೆ ಕೊಡ್ತಾನಂತೆ. ಮಕ್ಕಳ ಓದು ಮುಗೀತಲ್ಲ, ಮನೆ ಸುಮ್ಮನೆ ಯಾಕೆ ಬಿಡೋದು ಅಂತ ಅವನು."

"ಸುಮ್ಮನೆ ಎಲ್ಲಿ ಬಿಟ್ಟಿದೆ ಅಕ್ಕ? ನಾವಿದ್ದೇವಲ್ಲ."

"ಅದೇ ಹೇಳಿದ್ದು" ಅಂದರು ಅಕ್ಕ.

"ಭಾವ ನಿಮ್ಮದೇ ಮನೆ ಅಂದಿದ್ರು" ಅಂದೆ.

"ಅಂದಿರಬಹುದು ಮಾರಾಯ್ತಿ. ಊಟಕ್ಕೆ ಬಂದವರಿಗೂ ಅವರು ನಿಮ್ಮದೇ ಮನೆ, ನಾಚ್ಕೊಬೇಡಿ ಅಂತಿದ್ರು. ಕೈ ತೊಳೆದ ಮೇಲೆ ಯಾರಾದ್ರೂ ಮನೆ ಹೊತ್ಕೊಂಡು ಹೋದ್ರಾ?"

ಒಳಗಿಂದ ಕಾಫಿ ತಂದ ಕೆಲಸದವಳು ನಕ್ಕಳು.

"ಅಕ್ಕ, ಒಂಬತ್ತು ವರ್ಷ ನಿಮ್ಮ ಮಕ್ಕಳಿಗೆ ಅಡಿಗೆ ಮಾಡಿ ಹಾಕಿದ್ದೇನೆ."

"ಅಕ್ಕಿ ನಮ್ಮದು, ಕಾಯಿ ನಮ್ಮದು, ಸೌದೆ ನಮ್ಮದು. ಹನ್ನೊಂದು ವರ್ಷ ಬಿಟ್ಟಿ ಇದ್ರಿ. ನಿನ್ನ ಮಗಳೂ ಅದೇ ಅಕ್ಕಿ ಉಂಡು ಬೆಳೆದವಳು. ನಾವು ಒಂದು ದಿನ ಬಾಯಿ ಬಿಟ್ಟಿದ್ದೇವಾ?"

"ಕೈ ನಂದು ಅಕ್ಕ."

"ಕೈಗೆ ಯಾರು ಮೋಸ ಮಾಡಿದ್ರು? ದೀಪಾವಳಿಗೆ ಸೀರೆ ತಪ್ಪಿಸಿದ್ದೇನಾ ಒಂದು ವರ್ಷ?"

ತಪ್ಪಿಸಿರಲಿಲ್ಲ. ಆ ದಿನ ನಾನು ಉಟ್ಟಿದ್ದೂ ಅವರು ಕೊಟ್ಟ ಸೀರೆಯೇ. ಅದು ಅವರ ಕಣ್ಣಿಗೂ ಬಿದ್ದಿತ್ತು. ಮುಂದೆ ಏನು ಮಾತಾಡಲಿ? ಮಗಳಿಗೆ ಎಸ್ಸೆಸ್ಸೆಲ್ಸಿ ಪರೀಕ್ಷೆ, ಅದು ಮುಗಿಯುವವರೆಗಾದರೂ ಬಿಡಿ ಅಂತ ಕೇಳಿದೆ. "ಅಷ್ಟಕ್ಕೆ ನಾನು ಹೇಳ್ತೇನೆ ಮಗನಿಗೆ" ಅಂದರು. ಅಷ್ಟಕ್ಕೆ ಕೈ ಮುಗಿದು ಬಂದೆ. ನಮ್ಮ ಮನೆಯಲ್ಲಿ ನಾವು ಇನ್ನೆರಡು ತಿಂಗಳು ಇರುವುದಕ್ಕೆ ಕೈ ಮುಗಿದೆ. ಹೊರಡುವಾಗ ಒಂದು ಸೇರು ಒಡಕು ಬೀಜ ಕಟ್ಟಿಕೊಟ್ಟರು. ಅದನ್ನೂ ತಂದೆ.

ವಕೀಲರ ಹತ್ತಿರ ಹೋಗುವ ಯೋಚನೆ ಕಾಕ ಕೊಟ್ಟದ್ದು. "ಅಮ್ಮ, ನನ್ನ ಹೆಸರು ಹೇಳ್ಬೇಡಿ. ಮೂಡಿಗೆರೆಗೆ ಹೋಗಿ ಒಮ್ಮೆ ಕೇಳಿ. ಹತ್ತು ವರ್ಷ ಇದ್ದವರನ್ನು ಹಾಗೆಲ್ಲ ಏಳಿಸೋ ಹಾಗಿಲ್ಲ ಅಂತಾರೆ" ಅಂದರು. ಇವರು ಬರುವುದಿಲ್ಲ ಅಂತ ಮೂರು ದಿನ ಹಟ ಹಿಡಿದರು. ನಾನೊಬ್ಬಳೇ ಹೋಗುತ್ತೇನೆ ಅಂದಾಗ ಎದ್ದರು. ಮನೆಯಲ್ಲಿದ್ದ ಕಾಗದವೆಲ್ಲ ಒಂದು ಬಟ್ಟೆ ಚೀಲಕ್ಕೆ ತುಂಬಿ, ಬೆಳಗಿನ ಬಸ್ಸಿಗೆ ಹೋದೆವು.

ವಕೀಲರು ವಯಸ್ಸಾದವರು, ಒಳ್ಳೆಯ ಮನುಷ್ಯರು. ಕಾಗದಗಳನ್ನು ಮೇಜಿನ ಮೇಲೆ ಒಂದೊಂದೇ ಬಿಡಿಸಿದರು. ರೇಷನ್ ಕಾರ್ಡು. ಶಾಲೆಯದ್ದು. ಆಸ್ಪತ್ರೆಯದ್ದು. ಗಾರೆಯವನ ಚೀಟಿ. ಬಿಡಿಸಿದಂತೆಲ್ಲ ಅವರ ಮುಖ ಬೇರೆಯಾಯಿತು.

"ಇದನ್ನೆಲ್ಲ ಬರೆದದ್ದು ಯಾರು?"

"ನಾನೇ" ಅಂದರು ಇವರು. ಅಕ್ಷರ ಚೆನ್ನಾಗಿದೆ ಅನ್ನುತ್ತಾರೆ ಅಂತ ಎಣಿಸಿದ್ದರೋ ಏನೋ.

"ಎಲ್ಲದರಲ್ಲೂ ಕೇರಾಫ್ ಹಾಕಿದ್ದೀರಲ್ಲ ಸ್ವಾಮಿ! ಇದು ನನ್ನ ಮನೆ ಅಲ್ಲ, ಅವರ ಮನೆ ಅಂತ ನೀವೇ ಹನ್ನೊಂದು ವರ್ಷ ಬರೆದುಕೊಟ್ಟ ಹಾಗಾಯ್ತು. ಅವರ ವಕೀಲನಿಗೆ ಕೆಲಸವೇ ಇಲ್ಲ, ಈ ಚೀಲ ಕೊಟ್ರೆ ಸಾಕು."

ಇವರು ರೇಷನ್ ಕಾರ್ಡನ್ನು ಎತ್ತಿ ಚೀಲಕ್ಕೆ ಹಾಕಿದರು.

"ಬಾಡಿಗೆ ಅಂತ ಏನಾದ್ರೂ ಕೊಟ್ಟಿದ್ದೀರಾ? ಎಷ್ಟೇ ಕಡಿಮೆ ಇರಲಿ, ಒಂದು ರಸೀದಿ?"

"ಇಲ್ಲ" ಅಂದೆ. "ಅವರೇ ಬೇಡ ಅಂದ್ರು."

"ಅಯ್ಯೋ ತಾಯಿ. ಬಾಡಿಗೆದಾರರಾಗಿದ್ರೆ ಏಳಿಸೋದು ಅಷ್ಟು ಸುಲಭ ಇರಲಿಲ್ಲ. ಕಾರಣ ಕೊಡಬೇಕು, ಕೋರ್ಟಿಗೆ ಬರಬೇಕು. ಬಿಟ್ಟಿ ಇದ್ದವರಿಗೆ ಅದ್ಯಾವುದೂ ಇಲ್ಲ. ಕೊಟ್ಟವರು ಇರಿ ಅಂದಷ್ಟು ದಿನ, ಅಷ್ಟೇ."

ಆಗ ನಾನು ಅಡಿಗೆಯ ವಿಷಯ ಹೇಳಿದೆ. ಮಕ್ಕಳು ಬಂದದ್ದು, ಹೋದದ್ದು, ಡಬ್ಬಿ, ಬಟ್ಟೆ, ಜ್ವರ, ಎಲ್ಲ. ವಕೀಲರು ಕನ್ನಡಕ ತೆಗೆದು ಕೇಳಿಸಿಕೊಂಡರು. ನಾನು ಮಾಡಿದ್ದನ್ನು ಒಬ್ಬರು ಪೂರ್ತಿಯಾಗಿ ಕೂತು ಕೇಳಿದ್ದು ಅದೇ ಮೊದಲು.

"ಇದಕ್ಕೆ ಸಂಬಳ?"

"ಇಲ್ಲ."

"ಹಾಗಾದ್ರೆ ನೀವು ಯಾರು ಅಂತ ತೀರ್ಮಾನ ಮಾಡ್ಕೊಳ್ಳಿ. ನೆಂಟರು ಅಂದ್ರೆ, ಪ್ರೀತಿಗೆ ಇಟ್ಕೊಂಡಿದ್ದೆವು, ಈಗ ಸಾಕು ಅಂತಾರೆ. ಅಡಿಗೆಯವರು ಅಂದ್ರೆ, ಕೆಲಸ ಮುಗೀತು, ಇನ್ನು ಹೊರಡಿ ಅಂತಾರೆ. ಮನೆಯ ಬದಲಿಗೆ ಅಡಿಗೆ, ಅಡಿಗೆಯೇ ಬಾಡಿಗೆ, ಹಾಗೇ ಮಾತಾಗಿತ್ತು ಅಂತ ವಾದ ಮಾಡಬಹುದು. ಗೆಲ್ತೇನೆ ಅಂತ ಹೇಳಲ್ಲ. ಎರಡು ಮೂರು ವರ್ಷ ಎಳೆಯಬಹುದು, ಅಷ್ಟರಲ್ಲಿ ಅವರೇ ರಾಜಿಗೆ ಬಂದಾರು." ವಕೀಲರು ಇವರ ಕಡೆ ತಿರುಗಿದರು. "ಆದ್ರೆ ನಿಮ್ಮ ಹೆಂಡತಿ ಅವರ ಮಕ್ಕಳಿಗೆ ಅಡಿಗೆ ಮಾಡಲಿಕ್ಕೇ ಅಲ್ಲಿದ್ರು ಅಂತ ಬರೆಯಬೇಕಾಗ್ತದೆ. ನೀವು ಸಹಿ ಹಾಕಬೇಕಾಗ್ತದೆ."

"ಬರೀರಿ" ಅಂದೆ ನಾನು. "ಅಡಿಗೆಯವಳು ಅಂತಲೇ ಬರೀರಿ."

ಇವರು ಎದ್ದು ನಿಂತರು. "ಯೋಚನೆ ಮಾಡಿ ಬರ್ತೇವೆ" ಅಂದರು. ವಕೀಲರು ಫೀಸು ತೆಗೆದುಕೊಳ್ಳಲಿಲ್ಲ. ಅವರ ಮಕ್ಕಳು ಮರಿ ಚೆನ್ನಾಗಿರಲಿ.

ಕೊಟ್ಟಿಗೆಹಾರದಲ್ಲಿ ಬಸ್ಸು ಬದಲಾಯಿಸಬೇಕು. ಮಂಜು ಬಿದ್ದಿತ್ತು. ಕಲ್ಲುಬೆಂಚಿನ ಮೇಲೆ ಕೂತು ಅರ್ಧ ಗಂಟೆ ಕಾದೆವು. ಅಲ್ಲಿ ಇವರು ಬಾಯಿ ಬಿಟ್ಟರು.

"ನನ್ನ ಹೆಂಡತಿ ಇನ್ನೊಬ್ಬರ ಮನೆ ಅಡಿಗೆಯವಳು ಅಂತ ನಾನು ಸಹಿ ಹಾಕಬೇಕಾ?"

"ಮಾಡಿದ್ದು ಅದೇ ತಾನೆ?"

"ಅದು ನೆಂಟಸ್ತಿಕೆಗೆ ಮಾಡಿದ್ದು."

"ನೆಂಟಸ್ತಿಕೆ ಕಾಕನ ಕೈಲಿ ಹೇಳಿಕಳಿಸ್ತಾರಾ? ಒಂದು ಕಾಗದ ಬರೆಯೋ ಮರ್ಯಾದೆ ಕೂಡ ಕೊಡಲಿಲ್ಲ ನಿಮಗೆ."

"ಅಣ್ಣಯ್ಯನ ಮಗನ ಮೇಲೆ ಕೇಸು ಹಾಕಿದ್ರೆ ಊರು ಏನನ್ನುತ್ತೆ?"

"ಊರು ನಮಗೆ ಮನೆ ಕೊಡುತ್ತಾ?"

ಇವರು ಮುಖ ತಿರುಗಿಸಿದರು. ಮದುವೆಯಾದ ಮೇಲೆ ನಾನು ಅಷ್ಟು ಎದುರು ಮಾತಾಡಿದ್ದು ಅದೊಂದೇ ದಿನ. ಸಾಲಲಿಲ್ಲ ಅಂತ ಈಗ ಅನ್ನಿಸುತ್ತದೆ. ಯೋಚನೆ ಮಾಡುತ್ತೇನೆ ಅಂದವರು ಯೋಚನೆ ಮಾಡುತ್ತಲೇ ಇದ್ದರು. ನಾನು ಪ್ರತಿ ಸೋಮವಾರ ಕಳಸೇಶ್ವರನ ಗುಡಿಗೆ ಹೋಗಿ ಇವರಿಗೆ ಒಂದು ಸಹಿ ಹಾಕುವ ಬುದ್ಧಿ ಕೊಡು ಅಂತ ಬೇಡಿದೆ. ಗುಡಿಯಲ್ಲಿ ಭಟ್ಟರ ಹತ್ತಿರ ಕಷ್ಟ ಹೇಳಿಕೊಂಡರೆ ಅವರು, "ಭೂಮಿ ಮೇಲೆ ನಾವೆಲ್ಲ ದೇವರ ಮನೆಯಲ್ಲಿ ಬಿಟ್ಟಿ ಇರೋರೇ ಅಮ್ಮ" ಅಂದರು. ಇರಬಹುದು. ಆದರೆ ದೇವರು ಕಂಟ್ರಾಕ್ಟರಿಗೆ ಬಾಡಿಗೆಗೆ ಕೊಡುತ್ತೇನೆ, ನೀವು ಏಳಿ ಅನ್ನುವುದಿಲ್ಲ.

ಮಗಳು ಪರೀಕ್ಷೆ ಬರೆದಳು. ಅರ್ಧ ಸಾಮಾನು ಗೋಣಿಚೀಲದಲ್ಲಿ ಕಟ್ಟಿಟ್ಟ ಮನೆಯಲ್ಲಿ ಕೂತು ಓದಿದಳು. ಪಾಸಾದಳು. ಅದನ್ನೂ ನಾನು ದೇವರ ಲೆಕ್ಕಕ್ಕೇ ಹಾಕಿದ್ದೇನೆ.

ಕೊನೆಯ ಪರೀಕ್ಷೆಯ ಮರುದಿನ ಭಾವನ ಮಗ ತಾನೇ ಜೀಪು ಓಡಿಸಿಕೊಂಡು ಬಂದ. ಮೀಸೆ ಬಿಟ್ಟಿದ್ದ, ತಂದೆಯ ಹಾಗೇ ಕಾಣುತ್ತಿದ್ದ. ಸೀದಾ ಅಡಿಗೆಮನೆಗೆ ಬಂದವನು, ಹಳೆಯ ರೂಢಿಯಂತೆ ಒಲೆಯ ಕಡೆ ಕತ್ತು ಚಾಚಿ, "ಇವತ್ತೆಂತ ಚಿಕ್ಕಮ್ಮ ಅಡಿಗೆ?" ಅಂದ. ಕೇಳಿದ ಮೇಲೆ ಅವನಿಗೇ ಗೊತ್ತಾಗಿರಬೇಕು, ಕೆಂಪಾದ.

"ಇವತ್ತು ಒಲೆ ಹಚ್ಚಿಲ್ಲ" ಅಂದೆ.

"ನೀವು ಬೇಜಾರು ಮಾಡ್ಕೊಬೇಡಿ ಚಿಕ್ಕಮ್ಮ. ಅಪ್ಪ ಇದ್ದಿದ್ರೆ ಬೇರೆ."

"ಅಪ್ಪ ಇದ್ದಿದ್ರೆ ನೀನು ಕೇಳ್ತಿದ್ಯಾ?"

ಅವನು ಜಗಲಿಗೆ ಹೋಗಿ ಇವರ ಮುಂದೆ ಒಂದು ಛಾಪಾಕಾಗದ ಇಟ್ಟ. ಟೈಪು ಮಾಡಿಸಿ ತಂದಿದ್ದ. ಇವರು ಗಟ್ಟಿಯಾಗಿ ಓದಿದರು. ಓದುವಾಗ ಒಂದೂ ಅಕ್ಷರ ತಪ್ಪಲಿಲ್ಲ. ನಾವು ಸದರಿ ಮನೆಯಲ್ಲಿ ಮಾಲೀಕರ ದಯೆಯಿಂದ ಯಾವ ಪ್ರತಿಫಲವೂ ಇಲ್ಲದೆ ವಾಸವಾಗಿದ್ದೆವು. ನಮಗೆ ಅದರಲ್ಲಿ ಯಾವ ಹಕ್ಕೂ ಇಲ್ಲ. ಈಗ ಸ್ವಂತ ಇಚ್ಛೆಯಿಂದ ಬಿಟ್ಟುಕೊಡುತ್ತಿದ್ದೇವೆ. ಕೆಳಗೆ ಇವರ ಹೆಸರು, ಇವರ ತಂದೆಯ ಹೆಸರು, ಆ ಮನೆಯ ನಂಬರು.

ಇವರು ಪೆನ್ನು ತೆಗೆದು ಮುತ್ತಿನಂಥ ಅಕ್ಷರದಲ್ಲಿ ಸಹಿ ಹಾಕಿದರು. ವಕೀಲರ ಕಾಗದಕ್ಕೆ ಎರಡು ತಿಂಗಳು ಏಳದ ಕೈ ಅದಕ್ಕೆ ಎರಡು ನಿಮಿಷವೂ ತೆಗೆದುಕೊಳ್ಳಲಿಲ್ಲ. ನಾನು ಬಾಗಿಲಲ್ಲಿ ನಿಂತು ನೋಡಿದೆ. ಹನ್ನೊಂದು ವರ್ಷದಲ್ಲಿ ಆ ಮನೆಯ ಸಂಬಂಧದ ಎಷ್ಟೋ ಕಾಗದಗಳಲ್ಲಿ ಇವರ ಹೆಸರಿತ್ತು. ಕೇರಾಫ್ ಇಲ್ಲದೆ, ತಾನೊಂದೇ ನಿಂತದ್ದು ಆ ಕಾಗದದಲ್ಲಿ ಮಾತ್ರ.

ಬೀಗದ ಕೈ ನಾನೇ ಕೊಟ್ಟೆ. ಅಡಿಗೆಮನೆಯ ಕೆಂಪು ನೆಲವನ್ನು ಒರೆಸಿಯೇ ಹೊರಗೆ ಬಂದೆ. ಯಾಕೆ ಒರೆಸಿದೆನೋ, ಆ ಕಂಟ್ರಾಕ್ಟರನ ಹೆಂಡತಿಗೆ ಅದರಿಂದ ಏನಾಗಬೇಕಿತ್ತು. ಗಲೀಜು ಬಿಟ್ಟುಹೋದರು ಅಂತ ಅನ್ನಿಸಿಕೊಳ್ಳಬಾರದು ಅಂತಿರಬೇಕು.

ನಾವು ಹೋದದ್ದು ಕಾಕನ ಮನೆಯ ಹಿಂದಿನ ಎರಡು ಕೋಣೆಗೆ. ನಮ್ಮ ಕಡೆಯ ಕೆಲವರು ಅದಕ್ಕೂ ಮೂಗು ಮುರಿದರು. ಅವರ್ಯಾರ ಮನೆಯಲ್ಲೂ ಕೋಣೆ ಖಾಲಿ ಇರಲಿಲ್ಲ. ಬಾಡಿಗೆ ಎಷ್ಟು ಅಂತ ಕೇಳಲು ಇವರು ತಡವರಿಸುತ್ತಿದ್ದರು. ಕಾಕ ತಾವೇ ಎತ್ತಿದರು.

"ರಾಯ್ರೇ, ಬಿಟ್ಟಿ ಕೊಡ್ತೇನೆ ಅಂತ ತಿಳ್ಕೊಬೇಡಿ. ಬಿಟ್ಟಿ ಇದ್ರೆ ನಾಳೆ ನಾನು ಸತ್ತ ಮೇಲೆ ನನ್ನ ಮಗನೂ ಜೀಪು ಕಳಿಸಿಯಾನು. ತಿಂಗಳು ತಿಂಗಳು ಬಾಡಿಗೆ ಕೊಡಿ, ನಾನು ಚೀಟಿ ಕೊಡ್ತೇನೆ. ಬರೆಯೋದು ಮಾತ್ರ ನೀವೇ ಬರೀರಿ, ನನಗೆ ಸಹಿ ಅಷ್ಟೇ ಬರೋದು."

ಇವರು ನಕ್ಕರು. ಆ ದಿನಗಳಲ್ಲಿ ನಾನು ಕಂಡ ಇವರ ನಗು ಅದೊಂದು. ಎಸ್ಟೇಟಿನವರು ಆಮೇಲೆ ಕಾಕನನ್ನು ಕೆಲಸದಿಂದ ಬಿಡಿಸಿದರು. ನಮಗೆ ಕೋಣೆ ಕೊಟ್ಟದ್ದಕ್ಕೋ ಬೇರೆ ಕಾರಣಕ್ಕೋ, ಅವರು ಎಂದೂ ಹೇಳಲಿಲ್ಲ. ನಾನು ಕೇಳುವ ಧೈರ್ಯ ಮಾಡಲಿಲ್ಲ.

ಮೊದಲ ತಿಂಗಳ ಚೀಟಿಯನ್ನು ದೇವರ ಪೆಟ್ಟಿಗೆಯಲ್ಲಿ ಇಟ್ಟೆ. ಆ ಸಂಜೆಯೇ ಇವರು ರೇಷನ್ ಕಾರ್ಡಿನ ವಿಳಾಸ ಬದಲಿಸಲು ಅರ್ಜಿ ಬರೆಯಲು ಕೂತರು. ನಾನು ಎದುರಿಗೆ ಮೊರ ಇಟ್ಟುಕೊಂಡು ಕೂತಿದ್ದೆ. ಹೆಸರು ಬರೆದರು. ತಂದೆಯ ಹೆಸರು ಬರೆದರು. ಆಮೇಲೆ ಕೈ ಕೆಳಗಿನ ಸಾಲಿಗೆ ಹೋಗಿ ಅಲ್ಲೇ ನಿಂತಿತು. ಹನ್ನೊಂದು ವರ್ಷದ ರೂಢಿ.

"ಇಲ್ಲಿ ಕಾಕನ ಹೆಸರು ಹಾಕಬೇಕಲ್ವಾ? ಮನೆ ಅವರದ್ದು" ಅಂದರು.

"ಬಾಡಿಗೆ ಕೊಟ್ಟಿದ್ದೇವೆ. ಏನೂ ಹಾಕಬೇಡಿ, ಖಾಲಿ ಬಿಡಿ."

ನನ್ನ ಮುಖ ನೋಡಿದರು. ತುಂಬ ಹೊತ್ತು ಪೆನ್ನು ಹಿಡಿದು ಕೂತಿದ್ದರು. ಕೊನೆಗೆ ಆ ಸಾಲು ಬಿಟ್ಟು ಮುಂದಕ್ಕೆ ಮನೆಯ ನಂಬರು ಬರೆದರು. ನಾನು ಅಕ್ಕಿ ಆರಿಸಲು ತಲೆ ಬಗ್ಗಿಸಿದೆ. ಎಸ್ಟೇಟಿನ ಅಕ್ಕಿ ಮುಗಿದಿತ್ತು. ಇದು ರೇಷನ್ನಿನದು, ಕಲ್ಲು ಬಹಳ.